ಸೂರಗೊಂಡನಕೊಪ್ಪ: ನಾಯಕನ ಮನೆಯ ಹಿರಿಮಗ

ಹೊನ್ನಾಳಿಯಲ್ಲಿ ತುಂಗಭದ್ರೆಗೆ ಬೆನ್ನು ಹಾಕಿ ನ್ಯಾಮತಿ ಸೀಮೆಗೆ ಇಳಿದರೆ ದಾರಿಯುದ್ದಕ್ಕೂ ಮೆಕ್ಕೆಜೋಳ, ಅಲ್ಲಲ್ಲಿ ಅಡಿಕೆ ತೋಟ. ಸೂರಗೊಂಡನಕೊಪ್ಪ ಬರುವವರೆಗೆ ಇದು ಯಾವ ಊರಿನ ದಾರಿಯಾದರೂ ಆಗಬಹುದಿತ್ತು. ಬಂಜಾರರೆಂದೂ ಕರೆಯುವ ಲಂಬಾಣಿಗರ ಬಾಯಲ್ಲಿ ಈ ಜಾಗ ಭಾಯಾಗಡ್. ಅವರ ಸಂತ ಸೇವಾಲಾಲ್ ಹುಟ್ಟಿದ್ದು ಇಲ್ಲಿ, 1739ರ ಫೆಬ್ರುವರಿ 15ರಂದು ಎನ್ನುತ್ತದೆ ಪರಂಪರೆ. ಎತ್ತಿನ ಹಿಂಡಿನ ಹಿಂದೆ ನಡೆಯುತ್ತಿದ್ದ ಜನ ಜಾತಕ ಬರೆಸಿಡುವುದುಂಟೆ? ಹಾಡಿನಲ್ಲಿ ಉಳಿದು ಬಂದ ಚರಿತ್ರೆ ಇದು. ನನಗೇನೂ ತಕರಾರಿಲ್ಲ.

ತಂದೆ ಭೀಮಾ ನಾಯಕ್, ತಾಯಿ ಧರ್ಮಣಿ. ನಾಯಕ್ ಎಂದರೆ ತಾಂಡಾಕ್ಕೆ, ಅಂದರೆ ಲಂಬಾಣಿಗರ ಬೀಡಿಗೆ, ದೊರೆಯಿದ್ದಂತೆ: ನ್ಯಾಯ ಹೇಳುವವನು, ಎಲ್ಲಿ ಬೀಡು ಬಿಡಬೇಕೆಂದು ನಿರ್ಧರಿಸುವವನು, ಸಾವಿರಾರು ಎತ್ತುಗಳ ಮೇಲೆ ಉಪ್ಪು, ದವಸ ಹೇರಿಸಿ ಸಂತೆಯಿಂದ ಸಂತೆಗೆ, ಕೆಲವೊಮ್ಮೆ ದಂಡಿನಿಂದ ದಂಡಿಗೆ ಸಾಗಿಸುವವನು. 1791ರಲ್ಲಿ ಟಿಪ್ಪುವಿನ ಮೇಲೆ ಬಂದ ಕಾರ್ನ್‌ವಾಲಿಸ್‌ನ ಸೇನೆಯೂ ಅನ್ನಕ್ಕೆ ಬಂಜಾರರ ಎತ್ತುಗಳನ್ನೇ ನೆಚ್ಚಿತ್ತು. ಅಂಥ ಮನೆಯ ಹಿರಿಮಗ ಸೇವಾಲಾಲ್.

ಅದೇ ಕಾಲದ ಇಂಗ್ಲೆಂಡಿನ ಸಿರಿವಂತರಲ್ಲಿ ಜಮೀನುದಾರಿಕೆ ಹಿರಿಮಗನಿಗೆ. ಕಿರಿಯರಲ್ಲೊಬ್ಬನಿಗೆ ಆಂಗ್ಲಿಕನ್ ಚರ್ಚಿನಲ್ಲಿ ಪಾದ್ರಿ ಹುದ್ದೆ, ಕೈತುಂಬ ವರಮಾನ. ದೊಡ್ಡಮನೆಯ ಮಗ ದೇವರ ಕೆಲಸಕ್ಕೆ ಬರುವುದು ಅಲ್ಲಿ ಮನೆಯವರೇ ಕೂತು ಮಾಡುವ ಏರ್ಪಾಟು. ಇಲ್ಲಿ ಬಂದವನು ಹಿರಿಯ, ಅದೂ ಒಲ್ಲೆ ಒಲ್ಲೆ ಎನ್ನುತ್ತಲೇ. ಜಗದಂಬೆ ತನ್ನ ಭಗತನಾಗು ಎಂದು ಬೆನ್ನು ಹತ್ತಿದಳಂತೆ, ಹುಡುಗ ಒಪ್ಪಲಿಲ್ಲ, ತಾಂಡಾಕ್ಕೆ ಕಷ್ಟದ ಮೇಲೆ ಕಷ್ಟ ಬಂತು, ಕೊನೆಗೆ ಮಣಿದ. ಮದುವೆಯಾಗಲಿಲ್ಲ. ಆದರೆ ಕಾವಿ ಉಟ್ಟು ಕಾಡಿಗೂ ಹೋಗಲಿಲ್ಲ, ದನದ ಹಿಂಡಿನ ಜೊತೆಗೇ ಉಳಿದ. ಮಣ್ಣನ್ನು ಸಿಹಿ ಶಿರಾ ಮಾಡಿದ ಪವಾಡಕ್ಕಿಂತ ನನಗೆ ಹಿಡಿಸುವುದು ಈ ಹಟ ಮತ್ತು ಈ ರಾಜಿ.

ಇಲ್ಲಿ ಗುಡಿಗಳೂ ಆ ರಾಜಿಯನ್ನೇ ಹೇಳುತ್ತವೆ. ಒಂದು ಸೇವಾಲಾಲನದು, ಇನ್ನೊಂದು ಜಗದಂಬೆಯೇ ಆದ ಮರಿಯಮ್ಮನದು, ಅಕ್ಕಪಕ್ಕದಲ್ಲಿ. ಅವನಿಗೆ ಬಿಳಿ ಬಾವುಟ, ಅವಳಿಗೆ ಕೆಂಪು. ನಾಡಿನ ಎಷ್ಟೋ ತಾಂಡಾಗಳಲ್ಲಿ ಕಾಣುವ ಜೋಡಿಗುಡಿಯ ಮೂಲ ನೆಲೆ ಇದೇ ಎಂದು ಭಕ್ತರು ನಂಬುತ್ತಾರೆ. ಪೂಜೆಗಿಂತ ಇಲ್ಲಿ ಭೋಗ್ ದೊಡ್ಡದು: ಕೆಂಡಕ್ಕೆ ತುಪ್ಪ, ಬೆಲ್ಲದ ಸಿಹಿ ಅರ್ಪಿಸಿ, ಸುತ್ತ ನಿಂತವರೆಲ್ಲ ಲಂಬಾಣಿ ನುಡಿಯಾದ ಗೋರಬೋಲಿಯಲ್ಲಿ ಅರದಾಸ್ ಎಂಬ ಪ್ರಾರ್ಥನೆ ಹೇಳುವುದು. ಸಕಲ ಜೀವಕ್ಕೂ, ದನಕರುಗಳಿಗೂ ಒಳಿತಾಗಲಿ ಎಂಬ ಬೇಡಿಕೆ ಅದರಲ್ಲಿದೆ. ನೀರನ್ನೂ ದುಡ್ಡು ಕೊಟ್ಟು ಕೊಳ್ಳುವ ಕಾಲ ಬರುತ್ತದೆ ಎಂದು ಸೇವಾಲಾಲ್ ನುಡಿದಿದ್ದನಂತೆ. ನನಗೆ ಅದನ್ನು ಹೇಳಿದವರ ಕೈಯಲ್ಲೇ ನೀರಿನ ಬಾಟಲಿ ಇತ್ತು.

ಸಮಾಧಿ ಇರುವುದು ದೂರದ ಮಹಾರಾಷ್ಟ್ರದ ವಾಶಿಮ್ ಜಿಲ್ಲೆಯ ಪೋಹರಾದೇವಿಯಲ್ಲಿ. ಹುಟ್ಟು ಒಂದು ಬೀಡಿನಲ್ಲಿ, ಮಣ್ಣಾದದ್ದು ಇನ್ನೊಂದರಲ್ಲಿ. ಅಲೆಮಾರಿ ನಾಯಕನ ಮಗನಿಗೆ ಸರಿಯಾಗಿಯೇ ಇದೆ. ಆಮೇಲೆ ರೈಲು ಬಂತು, ಎತ್ತಿನ ವ್ಯಾಪಾರ ಮುರಿದುಬಿತ್ತು. ಸರಕು ಹೊತ್ತ ಜನಕ್ಕೇ ಬ್ರಿಟಿಷರು ಅಪರಾಧಿ ಬುಡಕಟ್ಟಿನ ಹಣೆಪಟ್ಟಿ ಹಚ್ಚಿದರು. ಚನ್ನಗಿರಿ, ಜಗಳೂರು ಕಡೆಯ ತಾಂಡಾಗಳು ಇಂದು ನೆಲೆ ನಿಂತಿವೆ. ನೆಲದ ಹಕ್ಕುಪತ್ರಕ್ಕೆ, ಕಂದಾಯ ಗ್ರಾಮವೆಂಬ ಹೆಸರಿಗೆ ತಾಂಡಾಗಳ ಜನ ಕಚೇರಿ ಸುತ್ತಿದ್ದು ಮಾತ್ರ ಬಹಳ ವರ್ಷ.

ಫೆಬ್ರುವರಿ ಮಧ್ಯದ ಜಯಂತಿಗೆ ಮಾಲೆ ಧರಿಸಿದವರು ಜಿಲ್ಲೆ ಜಿಲ್ಲೆಗಳಿಂದ ನಡೆದು ಬರುತ್ತಾರೆ. ಕನ್ನಡಿ ಹೊಲಿದ ಕಾಂಚಳಿ ಕುಪ್ಪಸ, ಫೇಟಿಯಾ ಲಂಗ ತೊಟ್ಟ ಹೆಂಗಸರ ಹಾಡು ಕೇಳಬೇಕೆಂದರೆ ಆಗ ಬನ್ನಿ. ಗುಡಿಯನ್ನು ನಿಧಾನವಾಗಿ ನೋಡಬೇಕೆಂದರೆ ಜಯಂತಿಯ ದಿನಗಳನ್ನು ಬಿಟ್ಟು ಬೇರೆ ಯಾವತ್ತಾದರೂ ಬನ್ನಿ.