ಕಾರ್ಡಿನ ಬೆನ್ನಿಗೊಂದು ಅಂಕಿತ

ಸಾಗರ ಸೀಮೆಯ ದೀವರ ಮನೆಯಲ್ಲಿ ಮದುವೆ ನಿಶ್ಚಯವಾಯಿತೆಂದರೆ ಗೋಡೆಗೆ ಹಸೆ ಬರೆಯುವ ಸಡಗರ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ, ಹುರಿದು ಕರಿಕಾದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚವೆಂದರೆ ಪುಂಡಿನಾರಿನ ಒಂದು ತುಂಡು, ಅಷ್ಟೆ. ಅಳತೆಪಟ್ಟಿಯಿಲ್ಲದೆ ಎಳೆದ ನೂರಾರು ಗೆರೆಗಳು ಒಂದಕ್ಕೊಂದು ಹೆಣೆದು, ನಡುವೆ ಮದುಮಕ್ಕಳು ಮೂಡುತ್ತಾರೆ. ಚಿತ್ತಾರವನ್ನು ‘ಬಿಡಿಸುವುದು’ ಎನ್ನುವವರು ಪೇಟೆಯವರು. ಊರಿನ ಮಾತಿನಲ್ಲಿ ಅದು ‘ಬರೆಯುವುದು’.

ಇಷ್ಟೆಲ್ಲ ಬರೆದವಳು ತನ್ನ ಹೆಸರನ್ನು ಮಾತ್ರ ಬರೆಯುವುದಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಗೆರೆಯ ಬಿಗಿ ನೋಡಿಯೇ ಇದು ಇಂಥವರ ಕೈ ಎಂದು ಊರಿನವರು ಹೇಳಿಬಿಡುತ್ತಿದ್ದರು.

ಅದೇ ಚಿತ್ತಾರ ಗೋಡೆಯಿಂದ ಕಾಗದಕ್ಕೆ, ಬಟ್ಟೆಗೆ, ಶುಭಾಶಯ ಪತ್ರಕ್ಕೆ ಇಳಿದು ಬಹಳ ಕಾಲವಾಯಿತು. ಹೊಸ ವರ್ಷಕ್ಕೋ ಗೃಹಪ್ರವೇಶಕ್ಕೋ ಕಳಿಸುವ ಕಾರ್ಡು ಸಾಗರದಲ್ಲಿ ಹುಟ್ಟಿ ಬೆಂಗಳೂರನ್ನೂ ದಾಟಿ ಹೋಗುತ್ತದೆ. ಅಲ್ಲಿ ಗೆರೆ ನೋಡಿ ಕೈ ಗುರುತಿಸುವವರು ಯಾರಿದ್ದಾರೆ? ಪಕ್ಕದಲ್ಲೇ ಯಂತ್ರದಲ್ಲಿ ಮುದ್ರಿಸಿದ, ಅದೇ ಮಾದರಿಯ, ಅರ್ಧ ಬೆಲೆಯ ಕಾರ್ಡು ಇದ್ದರೆ ಕೊಳ್ಳುವವನ ಕಣ್ಣಿಗೆ ಎರಡೂ ಒಂದೇ. ಒಂದು ದಿನವಿಡೀ ಬೆನ್ನು ಬಗ್ಗಿಸಿ ಕೂತವಳಿಗೆ ಆಗುವ ನಷ್ಟ ದುಡ್ಡಿನದು ಮಾತ್ರವಲ್ಲ.

ಹಾಗಾಗಿ ಕಾರ್ಡಿನ ಬೆನ್ನಿಗೆ ಒಂದು ಗುರುತು ಬೇಕು: ಮಾಡಿದವರ ಗುರುತು. ಇದು ಪರದೇಶದ ಶೋಕಿಯೇನಲ್ಲ. ಆದರೆ ಒಂದು ವಿಚಿತ್ರವನ್ನು ಗಮನಿಸಬೇಕು. ನಮ್ಮ ಮನೆಗಳ ಹಿತ್ತಾಳೆ ಚೊಂಬು, ತಾಮ್ರದ ಹಂಡೆಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರುಗಳಿರುತ್ತವೆ. ಅವು ಕೊಂಡವರದೋ ಮದುವೆಯಲ್ಲಿ ಉಡುಗೊರೆ ಕೊಟ್ಟವರದೋ ಹೆಸರು. ಪಾತ್ರೆ ಬಡಿದವನ ಹೆಸರು ಹುಡುಕಿದರೂ ಸಿಕ್ಕದು! ಕಲ್ಲು ಕೆತ್ತಿದವರು ಇಷ್ಟು ಸಂಕೋಚ ಪಡಲಿಲ್ಲ. ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ಬೇಲೂರಿನ ಶಿಲ್ಪಗಳ ಕೆಳಗೆ ತಮ್ಮ ಹೆಸರು ಕೊರೆದರು. ಅದೇ ಬಳ್ಳಿಗಾವಿಯ ಅಲ್ಲಮನದು ‘ಗುಹೇಶ್ವರ’, ಉಡುತಡಿಯ ಅಕ್ಕನದು ‘ಚೆನ್ನಮಲ್ಲಿಕಾರ್ಜುನ’. ವಚನದ ಅಂಕಿತವೆಂದರೆ ಮಾಡಿದವರ ಗುರುತೇ ತಾನೆ? ಅದೂ ತಮ್ಮ ಹೆಸರಲ್ಲ, ತಾವು ನಂಬಿದ ದೈವದ ಹೆಸರು. ಗುರುತಾಗಲು ಸ್ವಂತ ಹೆಸರೇ ಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಹುಡುಕಬೇಕಾಗಿಲ್ಲ.

ನಗರದ ವರಹ

ಗುರುತು ಹೇಗಿರಬೇಕು ಎಂದು ಕೇಳಿದರೆ ಹೊಸನಗರ ತಾಲ್ಲೂಕಿನ ನಗರದತ್ತ ನೋಡಬೇಕು. ಆಗ ಅದು ಬಿದನೂರು, ಕೆಳದಿ ಅರಸರ ರಾಜಧಾನಿ. 1763ರಲ್ಲಿ ಅದನ್ನು ಗೆದ್ದ ಹೈದರಾಲಿ ಊರಿಗೆ ತನ್ನ ಹೆಸರಿಟ್ಟ, ಟಂಕಸಾಲೆಯನ್ನೂ ವಶಮಾಡಿಕೊಂಡ. ಆದರೆ ವರಹದ ಮುಖವನ್ನು ಬದಲಿಸಲಿಲ್ಲ. ಕೆಳದಿಯ ಕಾಲದಿಂದ ನಡೆದುಬಂದ ಶಿವ ಪಾರ್ವತಿಯರು ಒಂದು ಬದಿಯಲ್ಲಿ ಹಾಗೆಯೇ ಉಳಿದರು. ಇನ್ನೊಂದು ಬದಿಯಲ್ಲಿ ಚುಕ್ಕಿಗಳ ನಡುವೆ ಒಂದೇ ಒಂದು ಪಾರಸಿ ಅಕ್ಷರ: ಅವನ ಹೆಸರಿನ ಮೊದಲ ‘ಹೆ’. ಕೊಕ್ಕೆಯಂತೆ ಬಾಗಿದ ಒಂದು ಗೆರೆ. ಜನ ನಂಬಿದ ನಾಣ್ಯವನ್ನು ಕೆಡಿಸದೆ, ಹೊರಡಿಸಿದವನು ಯಾರೆಂಬುದನ್ನೂ ಹೇಳಿದ ಜಾಣತನ ಅದು.

ಆ ನಾಣ್ಯ ಹೆಬ್ಬೆರಳಿನ ಉಗುರಿಗಿಂತ ಚಿಕ್ಕದು. ಅಷ್ಟು ಜಾಗದಲ್ಲಿ ಇಡೀ ಹೆಸರು ಬರೆಯಹೋಗಿದ್ದರೆ ನಾಲ್ಕು ಕೈ ಬದಲಾಗುವಷ್ಟರಲ್ಲಿ ಸವೆದು ಏನೂ ಕಾಣುತ್ತಿರಲಿಲ್ಲ. ಒಂದೇ ಅಕ್ಷರವಾದ್ದರಿಂದ ಇಂದಿಗೂ ಓದಲು ಬರುತ್ತದೆ. ಕಾರ್ಡು ಮಾಡುವವರು ಇದರಿಂದ ಎರಡು ಸಂಗತಿ ಕಲಿಯಬಹುದು. ಮುಂಬದಿ ಪರಂಪರೆಯದು, ಅಲ್ಲಿ ಕೈಹಾಕಬಾರದು, ಹಿಂಬದಿ ತಮ್ಮದು. ಮತ್ತು ಆ ಹಿಂಬದಿಯಲ್ಲಿ ಕಡಿಮೆ ಬರೆದಷ್ಟೂ ಒಳ್ಳೆಯದು.

ಇಲ್ಲೊಂದು ತಪ್ಪು ಸುಲಭವಾಗಿ ಆಗಿಬಿಡುತ್ತದೆ. ಚಿತ್ತಾರದೊಳಗಿನ ಜೋಗಿಜಡೆಯನ್ನೋ ಇನ್ನೊಂದು ಎಳೆಯನ್ನೋ ತೆಗೆದು ಇದೇ ನನ್ನ ಗುರುತು ಎಂದು ಇಟ್ಟುಕೊಳ್ಳುವುದು. ನೋಡಲು ಚೆಂದವೇ. ಆದರೆ ಅದು ಒಂದು ಸಮುದಾಯದ ಎಲ್ಲ ಹೆಂಗಸರ ಸೊತ್ತು. ಪಕ್ಕದ ಮನೆಯವಳೂ ಅದನ್ನೇ ಬರೆಯುತ್ತಾಳೆ. ಎಲ್ಲರದ್ದಾದದ್ದು ಒಬ್ಬರ ಗುರುತಾಗಲಾರದು, ಆಗಲೂ ಬಾರದು.

ಕುಪ್ಪಳಿಯ ಮೂರಕ್ಷರ

ತೀರ್ಥಹಳ್ಳಿ ತಾಲ್ಲೂಕಿನವರಿಗೆ ಗುರುತು ಕಟ್ಟುವ ಕ್ರಮವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ‘ಕಿಶೋರ ಚಂದ್ರವಾಣಿ’ ಎಂಬ ಸೊಗಸಾದ ಹೆಸರಿನಲ್ಲಿ ಬರೆಯಲು ತೊಡಗಿದ್ದ ತರುಣ, ಮುಂದೆ ಅದನ್ನು ಬಿಟ್ಟು ಮೂರೇ ಅಕ್ಷರಕ್ಕೆ ಬಂದರು. ಕುಪ್ಪಳಿಯ ‘ಕು’, ತಂದೆ ವೆಂಕಟಪ್ಪನವರ ‘ವೆಂ’, ತಮ್ಮದೇ ಪುಟ್ಟಪ್ಪ ಎಂಬ ಹೆಸರಿನ ‘ಪು’. ಊರು, ಹೆತ್ತವರು, ತಾನು. ಮೊದಲಿನದು ಯಾರ ಹೆಸರೂ ಆಗಬಹುದಿತ್ತು. ಎರಡನೆಯದು ಕುಪ್ಪಳಿಯ ಆ ಒಬ್ಬರದೇ. ಕವಿಶೈಲದ ಬಂಡೆಯ ಮೇಲೆ ಬಿ.ಎಂ.ಶ್ರೀ, ಟಿ.ಎಸ್. ವೆಂಕಣ್ಣಯ್ಯ ಮತ್ತು ಕುವೆಂಪು ಅವರ ಹಸ್ತಾಕ್ಷರಗಳನ್ನು 1936ರ ಇಸವಿಯೊಂದಿಗೆ ಇಂದಿಗೂ ನೋಡಬಹುದು.

ಈ ಸೂತ್ರವನ್ನೇ ಹಿಡಿದು ಯಾರಾದರೂ ತಮ್ಮ ಗುರುತು ಕಟ್ಟಿಕೊಳ್ಳಬಹುದು. ಚಿತ್ತಾರದ ಮಟ್ಟಿಗೆ ತಂದೆಯ ಹೆಸರಿಗಿಂತ ತಾಯಿಯದೋ ಅಜ್ಜಿಯದೋ ಹೆಚ್ಚು ಸರಿ. ಕೈ ಬಂದದ್ದು ಅವರಿಂದ ತಾನೆ!

ಆದರೆ ಕನ್ನಡ ಅಕ್ಷರಗಳನ್ನು ಚಿಕ್ಕ ಅಚ್ಚಿಗೆ ಇಳಿಸುವಾಗ ಒಂದು ತೊಡಕಿದೆ. ‘ಬ’ಕ್ಕೂ ‘ಭ’ಕ್ಕೂ, ‘ದ’ಕ್ಕೂ ‘ಧ’ಕ್ಕೂ, ‘ಪ’ಕ್ಕೂ ‘ಫ’ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಎಂಟು ಮಿಲಿಮೀಟರ್ ಅಗಲದ ಮೊಹರಿನಲ್ಲಿ ಆ ಸೀಳಿಗೆ ಮಸಿ ತುಂಬಿದರೆ ಭಾರತಿ ಬಾರತಿಯಾಗುತ್ತಾಳೆ. ದುಂಡಗಿನ ಹೊಟ್ಟೆಯುಳ್ಳ ಅಕ್ಷರಗಳದೂ ಇದೇ ಕಥೆ. ಹೊಟ್ಟೆ ಮುಚ್ಚಿಹೋಗಿ ಕರಿ ಚುಕ್ಕೆ ಉಳಿಯುತ್ತದೆ. ಪರಿಹಾರ ಸರಳ. ಸೀಳನ್ನೂ ಹೊಟ್ಟೆಯನ್ನೂ ಬೇಕೆಂದೇ ದೊಡ್ಡದಾಗಿ ಬರೆಯಬೇಕು, ಗೆರೆಯನ್ನು ತೆಳ್ಳಗೆ ಇಡಬೇಕು. ಎಷ್ಟು ತೆಳ್ಳಗೆ? ಒಳ್ಳೆಯ ಕಣ್ಣು ಒಂದು ಅಡಿ ದೂರದಿಂದ ಸುಮಾರು 0.1 ಮಿಲಿಮೀಟರ್‌ವರೆಗಿನ ವಿವರವನ್ನು ಬೇರ್ಪಡಿಸಿ ನೋಡಬಲ್ಲದು. ಒರಟು ಕಾಗದದ ಮೇಲೆ ಅದರ ಮೂರು ನಾಲ್ಕು ಪಟ್ಟು ಇದ್ದರೆ ಮಾತ್ರ ಗೆರೆ ನಿಲ್ಲುತ್ತದೆ.

ಅಚ್ಚು, ಮಸಿ, ಮಳೆ

ಅಚ್ಚು ಕೆತ್ತಲು ದುಬಾರಿ ಸಾಮಾನು ಬೇಡ. ಮಕ್ಕಳು ಬಳಸುವ ಪೆನ್ಸಿಲ್ ರಬ್ಬರು, ಒಂದು ಹರಿತವಾದ ಬ್ಲೇಡು ಸಾಕು. ಹೆಚ್ಚು ಬಾಳಿಕೆ ಬೇಕೆಂದರೆ ಮರ ಇದ್ದೇ ಇದೆ. ಸಾಗರ, ಸೊರಬಗಳ ಗುಡಿಗಾರರ ಉಳಿಗೆ ಇಂಥ ಕೆಲಸ ಆಟವಿದ್ದಂತೆ. ನೆನಪಿಡಬೇಕಾದ್ದು ಇಷ್ಟೆ: ಅಚ್ಚಿನಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರಬೇಕು. ತೆಳು ಕಾಗದದ ಮೇಲೆ ಮೆತ್ತನೆಯ ಪೆನ್ಸಿಲ್‌ನಲ್ಲಿ ನೇರವಾಗಿ ಬರೆದು, ಅದನ್ನು ರಬ್ಬರಿನ ಮೇಲೆ ಮಗುಚಿ ಉಗುರಿನಿಂದ ಉಜ್ಜಿದರೆ ತಿರುಗಿದ ಅಕ್ಷರ ತಾನೇ ಮೂಡುತ್ತದೆ. ಬಲ್ಲವರೂ ಇದನ್ನು ಮರೆತು ಒಂದು ರಬ್ಬರು ಹಾಳುಮಾಡಿದ ಮೇಲೇ ಕಲಿಯುವುದು.

ಇನ್ನು ಮಸಿ. ಅಂಗಡಿಯ ನೇರಳೆ ಸ್ಟಾಂಪ್ ಪ್ಯಾಡಿನ ಬಣ್ಣ ಬಿಸಿಲಿಗೆ ಬಿದ್ದರೆ ಮಾಸುತ್ತದೆ. ಅದು ಸಾವಯವ ಬಣ್ಣ. ಬೆಳಕು ಅದರ ಅಣುಗಳನ್ನು ಒಡೆಯುತ್ತದೆ. ಹಸೆ ಬರೆಯುವವರ ಬಣ್ಣಗಳಲ್ಲೇ ಇದಕ್ಕಿಂತ ಗಟ್ಟಿಯಾದ ಎರಡಿವೆ. ಕೆಮ್ಮಣ್ಣಿನ ಕೆಂಪು ಎಂದರೆ ಕಬ್ಬಿಣದ ಆಕ್ಸೈಡು, ತುಕ್ಕಿನ ನೆಂಟ. ಅದು ಮತ್ತೆ ಮಾಸುವುದೆಲ್ಲಿ? ಕರಿಕಿನ ಕಪ್ಪು ಇಂಗಾಲ, ಬಿಸಿಲಿಗೆ ಜಗ್ಗುವುದಲ್ಲ. ದೀಪದ ಕಾಡಿಗೆಯನ್ನು ಸ್ವಲ್ಪ ಗೋಂದಿನ ನೀರಿನಲ್ಲಿ ಅರೆದು, ಬಟ್ಟೆಯ ಮೇಲೆ ಹರಡಿ ಒತ್ತಿದರೆ ಕಾರ್ಡಿನ ಮುಂಬದಿಗೂ ಹಿಂಬದಿಗೂ ಒಂದೇ ಜಾತಿಯ ಬಣ್ಣವಾಗುತ್ತದೆ.

ಕೈಕಾಗದಕ್ಕೆ ಇನ್ನೊಂದು ಸ್ವಭಾವವಿದೆ. ಅದರ ನಾರುಗಳ ನಡುವಿನ ಸಂದುಗಳು ದೀಪದ ಬತ್ತಿ ಎಣ್ಣೆ ಹೀರುವಂತೆ ಮಸಿಯನ್ನು ಹೀರಿ ಅಡ್ಡಡ್ಡ ಹರಡುತ್ತವೆ. ಗುರುತು ಒತ್ತುವ ಜಾಗಕ್ಕೆ ಮೊದಲೇ ತೆಳು ಗಂಜಿ ಸವರಿ ಒಣಗಿಸಿದರೆ ಸಂದುಗಳು ತುಂಬಿ ಗೆರೆ ಚೂಪಾಗಿ ನಿಲ್ಲುತ್ತದೆ. ಗಂಜಿ ಹೆಚ್ಚಾದರೆ ಮಾತ್ರ ಕಷ್ಟ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ಇರುವ ನಾಡಿದು. ಆಷಾಢದಲ್ಲಿ ಪಿಷ್ಟವೆಂದರೆ ಬೂಸ್ಟಿಗೂ ಬೆಳ್ಳಿಹುಳಕ್ಕೂ ಹಬ್ಬ. ಮಸಿಯೇ ಬೇಡವೆನ್ನುವವರು ಉಬ್ಬುಗುರುತು ಮಾಡಬಹುದು. ದಪ್ಪ ಕಾಗದವನ್ನು ತುಸು ತೇವ ಮಾಡಿ, ಕೊರೆದ ಅಚ್ಚಿನ ಮೇಲಿಟ್ಟು ಚಮಚದ ಬೆನ್ನಿನಿಂದ ಒತ್ತಿದರೆ ಆಯಿತು. ಇಟಲಿಯ ಫಾಬ್ರಿಯಾನೊ ಊರಿನ ಕಾಗದಗಾರರು ಇನ್ನೂ ಮುಂದೆ ಹೋಗಿ, 13ನೇ ಶತಮಾನದಲ್ಲೇ ಕಾಗದದ ಒಳಗೆ ತಮ್ಮ ಗುರುತನ್ನು ನೀರಚ್ಚಾಗಿ ಇಟ್ಟಿದ್ದರು. ಬೆಳಕಿಗೆ ಹಿಡಿದರೆ ಮಾತ್ರ ಕಾಣುವಂಥದು.

ಗುರುತು ಏನನ್ನು ಕಾಯುತ್ತದೆ?

ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ ತನ್ನ ಮರದಚ್ಚು ಚಿತ್ರಗಳಿಗೆಲ್ಲ ‘ಎ’ ಅಕ್ಷರದ ಕಾಲುಗಳ ನಡುವೆ ‘ಡಿ’ ಕೂರಿಸಿದ ಗುರುತು ಹಾಕುತ್ತಿದ್ದ. 16ನೇ ಶತಮಾನದ ಆರಂಭದಲ್ಲಿ ಇಟಲಿಯ ಮಾರ್ಕಾಂಟೋನಿಯೊ ರೈಮೊಂಡಿ ಆ ಚಿತ್ರಗಳನ್ನು ಗುರುತಿನ ಸಮೇತ ನಕಲು ಮಾಡಿ ಮಾರಿದ. ಡ್ಯೂರರ್ ದೂರು ಕೊಟ್ಟಾಗ ವೆನಿಸ್ಸಿನ ಆಡಳಿತ, ಇನ್ನು ಮುಂದೆ ಆ ಗುರುತನ್ನು ಹಾಕಕೂಡದು ಎಂದಷ್ಟೇ ಹೇಳಿತಂತೆ. ಚಿತ್ರದ ನಕಲಿಗೆ ತಡೆ ಇರಲಿಲ್ಲ! ಕಲಾವಿದರ ಚರಿತ್ರೆ ಬರೆದ ವಸಾರಿ ಹೇಳುವ ಕಥೆ ಇದು.

ಇಂದಿನ ಕಾನೂನು ಇದಕ್ಕಿಂತ ಉದಾರವಾಗಿದೆ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಸ್ವಂತವಾಗಿ ರಚಿಸಿದ ಚಿತ್ರಕ್ಕೆ ನೋಂದಣಿಯಿಲ್ಲದೆಯೇ ಹಕ್ಕು ಬರುತ್ತದೆ. ಕಲಾವಿದರು ತೀರಿಕೊಂಡ ಮೇಲೆ 60 ವರ್ಷದವರೆಗೂ ಇರುತ್ತದೆ. ಆದರೆ ಅಜ್ಜಿಯ ಅಜ್ಜಿಯಿಂದ ಬಂದ ಮಾದರಿಗೆ ಯಾರೂ ಒಬ್ಬರು ಒಡೆಯರಲ್ಲ. ಅಲ್ಲಿ ಕಾಯಬಲ್ಲದ್ದು ಗುರುತು ಮಾತ್ರ. 1999ರ ವ್ಯಾಪಾರ ಚಿಹ್ನೆಗಳ ಕಾಯಿದೆ 2003ರಲ್ಲಿ ಜಾರಿಗೆ ಬಂತು. ಕಾಗದದ ಸಾಮಾನು, ಶುಭಾಶಯ ಪತ್ರಗಳು ಅದರ 16ನೇ ವರ್ಗದಲ್ಲಿ ಸೇರುತ್ತವೆ. ಒಮ್ಮೆ ನೋಂದಾಯಿಸಿದರೆ 10 ವರ್ಷ, ಆಮೇಲೆ ನವೀಕರಿಸಬಹುದು. ನೋಂದಾಯಿಸದೆ ಗುರುತು ಬಳಸುವುದು ತಪ್ಪಲ್ಲ. ನೋಂದಾಯಿತವೆಂದು ಸುಳ್ಳು ಹೇಳುವುದು ಮಾತ್ರ ತಪ್ಪು.

ಸಾವಿರಾರು ರೂಪಾಯಿ ಶುಲ್ಕ ಒಬ್ಬೊಬ್ಬರಿಗೂ ಹೊರೆಯೇ. ಹತ್ತು ಜನ ಸೇರಿ ಸಂಘ ಮಾಡಿಕೊಂಡರೆ ಸಾಮೂಹಿಕ ಚಿಹ್ನೆ ಪಡೆಯಲು ಇದೇ ಕಾಯಿದೆಯಲ್ಲಿ ಅವಕಾಶವಿದೆ. ಹಲವು ಕೈಗಳು ಒಂದು ಹೆಸರಿನಡಿ ದುಡಿದ ನಿದರ್ಶನಕ್ಕೆ ದೂರ ಹೋಗಬೇಕಿಲ್ಲ. 1996ರಲ್ಲಿ ಹೆಗ್ಗೋಡಿನ ಬಳಿ ಆರಂಭವಾದ ಚರಕ ಮಹಿಳಾ ಸಂಘದ ಕೈಮಗ್ಗದ ಬಟ್ಟೆ ‘ದೇಸಿ’ ಎಂಬ ಹೆಸರಿನಲ್ಲಿ ನಾಡೆಲ್ಲ ತಿರುಗಿತು. ಹಾಗೆಂದು ಸಂಘದ ಚಿಹ್ನೆ ಬಂತೆಂದು ಬರೆದವಳ ಗುರುತನ್ನು ಅಳಿಸಬೇಕಾಗಿಲ್ಲ. ಕಾರ್ಡಿನ ಬೆನ್ನಿನಲ್ಲಿ ಎರಡಕ್ಕೂ ಜಾಗವಿದೆ: ನಡುವೆ ಸಂಘದ್ದು, ಕೆಳಗಿನ ಮೂಲೆಯಲ್ಲಿ ಅವಳದು, ಪಕ್ಕದಲ್ಲಿ ಪೆನ್ಸಿಲಿನಿಂದ ಇಸವಿ.

ಹೊಸ ಅಚ್ಚಿನ ಮೊದಲ ಒತ್ತನ್ನು ಕಾರ್ಡಿನ ಮೇಲೆ ಹಾಕದೆ ಒಂದು ನೋಟ್ ಪುಸ್ತಕದಲ್ಲಿ ಹಾಕಿ, ತಾರೀಖು ಬರೆದಿಡುವುದು ಒಳ್ಳೆಯದು. ಯಾವ ತಿಂಗಳು ಎಷ್ಟು ಕಾರ್ಡು ಯಾರಿಗೆ ಹೋಯಿತೆಂಬ ಲೆಕ್ಕವೂ ಅದರಲ್ಲೇ ಇರಲಿ. ಮುಂದೆಂದಾದರೂ ಈ ಗುರುತು ಮೊದಲು ಯಾರದಾಗಿತ್ತು ಎಂಬ ಜಗಳ ಎದ್ದರೆ ತೋರಿಸಲು ಆ ಪುಟ ಬೇಕಾಗುತ್ತದೆ. ರಬ್ಬರು ನೂರಾರು ಒತ್ತಿಗೆ ಸವೆಯುತ್ತದೆ. ಎರಡನೆಯ ಅಚ್ಚನ್ನು ಕೆತ್ತುವಾಗ ಸವೆದ ರಬ್ಬರನ್ನು ನೋಡಿ ಕೆತ್ತದೆ, ಆ ಪುಟವನ್ನೇ ನೋಡಿ ಕೆತ್ತಬೇಕು.