ಒಂದು ಊರು, ನಾಲ್ಕು ಸಾಲು: ಕ್ಲೌಡ್ ಅನ್ವಯಕ್ಕೆ ಆರಂಭಿಕ ದತ್ತಾಂಶ ತುಂಬುವಾಗ ಕಲಿತದ್ದು

ಕ್ಲೌಡ್‌ನಲ್ಲಿ ನಡೆಯುವ ವೆಬ್ ಅನ್ವಯಕ್ಕೆ ಆರಂಭಿಕ ದತ್ತಾಂಶವನ್ನು ತುಂಬುವುದು ಹೇಗೆ ಎಂಬುದು ನನ್ನ ಇವತ್ತಿನ ವಿಷಯ. ಕೇಳಿದರೆ ಒಂದೇ ಆದೇಶದ ಕೆಲಸ ಅನಿಸ್ತದೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದ್ದರಿಂದ ನನ್ನ ತಪ್ಪಿನಿಂದಲೇ ಶುರು ಮಾಡ್ತೀನಿ.

ನಮ್ಮದು ಸಣ್ಣ ಯೋಜನೆ. ಕೊಹೀರ್, ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಭಾಗದ ಕನ್ನಡ ಮಾತಾಡುವ ಹಿರಿಯರ ನೆನಪುಗಳನ್ನು ಧ್ವನಿಮುದ್ರಿಸಿ ಇಡುವ ಅನ್ವಯ. ಜ್ಯಾಂಗೊದಲ್ಲಿ ಬರೆದದ್ದು, ದತ್ತಸಂಚಯ ಪೋಸ್ಟ್‌ಗ್ರೆಸ್. ಹೊಸ ಮುದ್ರಣ ಸೇರಿಸುವಾಗ ಹುಟ್ಟೂರನ್ನು ಪಟ್ಟಿಯಿಂದ ಆರಿಸಬೇಕು. ಆ ಪಟ್ಟಿ ಮೊದಲೇ ಅಲ್ಲಿರಬೇಕಲ್ಲ, ಅದೇ ಆರಂಭಿಕ ದತ್ತಾಂಶ. ಬಳಕೆದಾರರು ಬರುವ ಮೊದಲೇ ಅನ್ವಯಕ್ಕೆ ಗೊತ್ತಿರಬೇಕಾದ ಸಂಗತಿ ಎನ್ನಬಹುದು.

ಕೊಹೀರ್ ಕಡೆಯ ಒಬ್ಬ ಅಜ್ಜಿ ಹೇಳಿದರು: "ನಾ ಹುಟ್ಟಿದಾಗ ನಮ್ದು ಬೀದರ್ ಜಿಲ್ಲಾ ಇತ್ತು. ಅದೇ ಬರಿಯಪ್ಪಾ." ನಮ್ಮ ಪಟ್ಟಿಯಲ್ಲಿ ಅವರ ಊರಿನ ಮುಂದೆ ಸಂಗಾರೆಡ್ಡಿ ಮಾತ್ರ ಇತ್ತು. ನಾನು ಆಡಳಿತ ಪುಟಕ್ಕೆ ಹೋಗಿ ಜಿಲ್ಲೆಯನ್ನು ಬೀದರ್ ಎಂದು ತಿದ್ದಿದೆ. ಅವರ ಮುಂದೆಯೇ ತೋರಿಸಿದೆ, ಖುಷಿಪಟ್ಟರು. ಮರುವಾರ ಅನ್ವಯದ ಹೊಸ ಆವೃತ್ತಿ ಏರಿಸಿದೆವು. ನೋಡಿದರೆ ಮತ್ತೆ ಸಂಗಾರೆಡ್ಡಿ!

ಕಾರಣ ಸರಳ. ಅನ್ವಯ ಶುರುವಾಗುವ ಆದೇಶದಲ್ಲೇ ನಾನು ಲೋಡ್‌ಡೇಟಾ ಸೇರಿಸಿದ್ದೆ. ಕಡತದಲ್ಲಿರುವ ಮತ್ತು ದತ್ತಸಂಚಯದಲ್ಲಿರುವ ಸಾಲುಗಳ ಪ್ರಾಥಮಿಕ ಕೀಲಿ ಒಂದೇ ಆಗಿದ್ದರೆ ಲೋಡ್‌ಡೇಟಾ ಹಳೆಯ ಸಾಲಿನ ಮೇಲೆ ಬರೆಯುತ್ತದೆ. ನಡುವೆ ಯಾರಾದರೂ ತಿದ್ದಿದ್ದಾರೋ ಎಂದು ನೋಡುವುದಿಲ್ಲ. ನಮ್ಮ ಲ್ಯಾಪ್‌ಟಾಪ್‌ನಲ್ಲಿ ಅನ್ವಯವನ್ನು ಯಾವಾಗ ಶುರು ಮಾಡಬೇಕೆಂದು ನಾವೇ ತೀರ್ಮಾನಿಸುತ್ತೇವೆ. ಕ್ಲೌಡ್‌ನಲ್ಲಿ ಹಾಗಲ್ಲ, ಅದು ತಾನಾಗಿ ನಿಂತು ಮತ್ತೆ ಏಳಬಹುದು, ಒಂದೇ ಹೊತ್ತಿಗೆ ಎರಡು ಮೂರು ಪ್ರತಿಗಳೂ ಏಳಬಹುದು. ಪ್ರತಿ ಸಲವೂ ಅಜ್ಜಿಯ ಮಾತು ಅಳಿಸಿಹೋಗುತ್ತಿತ್ತು.

ಹಾಗಾಗಿ ಮೊದಲ ಪಾಠ: ದತ್ತಾಂಶ ತುಂಬುವುದನ್ನು ಶುರುವಿನ ಆದೇಶದಿಂದ ಹೊರಗಿಡಿ. ಹೊಸ ಆವೃತ್ತಿ ಏಳುವ ಮೊದಲು ಒಮ್ಮೆ ಮಾತ್ರ ನಡೆಯುವ ಪ್ರತ್ಯೇಕ ಕೆಲಸವಾಗಿ ಮಾಡಿ. ನಾವು ಅದನ್ನು ದತ್ತಾಂಶ ಮೈಗ್ರೇಷನ್ ಆಗಿ ಬರೆದೆವು. ಯಾವ ಮೈಗ್ರೇಷನ್ ಮುಗಿದಿದೆ ಎಂಬುದನ್ನು ಜ್ಯಾಂಗೊ ದತ್ತಸಂಚಯದಲ್ಲೇ ಗುರುತು ಹಾಕಿಕೊಳ್ಳುವುದರಿಂದ ಅದು ಎರಡನೇ ಸಲ ಓಡುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಇಡೀ ಕೆಲಸ ಒಂದೇ ವಹಿವಾಟಿನೊಳಗೆ ನಡೆಯುತ್ತದೆ. ಅರ್ಧಕ್ಕೆ ಕೆಟ್ಟರೆ ಏನೂ ಉಳಿಯುವುದಿಲ್ಲ. ಅರ್ಧ ತುಂಬಿದ ಪಟ್ಟಿಗಿಂತ ಖಾಲಿ ಪಟ್ಟಿ ಮೇಲು. ಯಾಕಂದ್ರೆ ಖಾಲಿ ಇರೋದು ಕಣ್ಣಿಗೆ ಕಾಣ್ತದೆ.

ಎರಡನೆಯದು ಕೀಲಿಯ ವಿಷಯ. ಊರಿನ ಹೆಸರನ್ನೇ ಗುರುತಾಗಿ ಇಟ್ಟುಕೊಂಡಿದ್ದಾಗ ಕೊಹೀರ್ ಪಟ್ಟಿಯಲ್ಲಿ ಎರಡು ಸಲ ಬಂತು. ಪರದೆಯ ಮೇಲೆ ಎರಡೂ ಒಂದೇ. ಒಳಗೆ ಎಣಿಸಿದರೆ ಒಂದರಲ್ಲಿ 6 ಯುನಿಕೋಡ್ ಸಂಕೇತಗಳು, ಇನ್ನೊಂದರಲ್ಲಿ 8. ಕನ್ನಡದ ಒ-ಕಾರ ಮತ್ತು ಈ-ಕಾರದ ಚಿಹ್ನೆಗಳನ್ನು ಒಂದೊಂದೇ ಸಂಕೇತವಾಗಿ ಬರೆಯಬಹುದು, ಎರಡೆರಡು ತುಂಡಾಗಿಯೂ ಬರೆಯಬಹುದು. ಯುನಿಕೋಡ್ ಪ್ರಕಾರ ಎರಡೂ ಸಮಾನ, ಆದರೆ ದತ್ತಸಂಚಯ ಹೋಲಿಸುವುದು ಬೈಟ್‌ಗಳನ್ನು. ಈಗ ತುಂಬುವ ಮೊದಲು ಪ್ರತಿ ಹೆಸರನ್ನೂ ಎನ್‌ಎಫ್‌ಸಿ ರೂಪಕ್ಕೆ ತರುತ್ತೇವೆ. ಗುರುತಿಗೆ ಹೆಸರಿನ ಬದಲು ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರ ಕೋಶದಲ್ಲಿರುವ ಗ್ರಾಮ ಸಂಖ್ಯೆಯನ್ನು ಬಳಸುತ್ತೇವೆ. ಕನ್ನಡ, ತೆಲುಗು, ಉರ್ದು ಹೆಸರುಗಳು ಆ ಸಂಖ್ಯೆಯ ಕೆಳಗೆ ಸಮಾನವಾಗಿ ನಿಲ್ಲುತ್ತವೆ. ಯಾವುದೂ ಇನ್ನೊಂದರ ಅನುವಾದವಲ್ಲ.

ಮೂರನೆಯದು ಮುಖ್ಯ. ಅಜ್ಜಿಯ ಊರನ್ನು ಬೀದರ್ ಎಂದು ತಿದ್ದಿದ್ದೂ ತಪ್ಪೇ ಆಗಿತ್ತು. ಅದೇ ಊರಲ್ಲಿ 2018ರಲ್ಲಿ ಹುಟ್ಟಿದ ಮೊಮ್ಮಗುವಿಗೆ ಬೀದರ್ ಜಿಲ್ಲೆ ಸುಳ್ಳು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಜಹೀರಾಬಾದ್ ತಾಲೂಕಿನ ಬಹುಭಾಗ ಮತ್ತು ನಾರಾಯಣಖೇಡ್ ತಾಲೂಕು ಬೀದರ್‌ನಿಂದ ಮೆದಕ್ ಜಿಲ್ಲೆಗೆ ಹೋದವು. ಗುಲಬರ್ಗಾದ ತಾಂಡೂರು ಹೈದರಾಬಾದ್ ಜಿಲ್ಲೆಗೆ ಸೇರಿತು. 2014ರ ಜೂನ್ 2ರಂದು ತೆಲಂಗಾಣ ರಾಜ್ಯವಾಯಿತು. 2016ರ ಅಕ್ಟೋಬರ್ 11ರಂದು ಸಂಗಾರೆಡ್ಡಿ, ವಿಕಾರಾಬಾದ್ ಜಿಲ್ಲೆಗಳು ಬಂದವು.

ಅಂದರೆ ಜಿಲ್ಲೆ ಎಂಬುದು ಊರಿನ ಗುಣವಲ್ಲ, ಊರಿಗೂ ಕಾಲಕ್ಕೂ ಇರುವ ಸಂಬಂಧ. ಅದಕ್ಕೆ ಬೇರೆ ಕೋಷ್ಟಕ ಬೇಕು: ಊರು, ಜಿಲ್ಲೆ, ರಾಜ್ಯ, ಯಾವಾಗಿನಿಂದ, ಯಾವಾಗಿನವರೆಗೆ. ಅಲ್ಲಿ ಕೊಹೀರ್‌ಗೆ ನಾಲ್ಕು ಸಾಲು: ಹೈದರಾಬಾದ್ ರಾಜ್ಯದ ಬೀದರ್, ಆಂಧ್ರಪ್ರದೇಶದ ಮೆದಕ್, ತೆಲಂಗಾಣದ ಮೆದಕ್, ತೆಲಂಗಾಣದ ಸಂಗಾರೆಡ್ಡಿ. 1978ರಲ್ಲಿ ರಂಗಾರೆಡ್ಡಿ ಜಿಲ್ಲೆಯೂ ನಡುವೆ ಬಂದದ್ದರಿಂದ ತಾಂಡೂರಿಗೆ ಐದು. ಹುಟ್ಟಿದ ದಿನಾಂಕ ಕೊಟ್ಟರೆ ಸರಿಯಾದ ಸಾಲು ತಾನೇ ಬರುತ್ತದೆ. ಯಾರೂ ಯಾರನ್ನೂ ತಿದ್ದಬೇಕಾಗಿಲ್ಲ.

ಕೊನೆಗೊಂದು ಎಚ್ಚರಿಕೆ. ಕ್ರಮಸಂಖ್ಯೆಗಳನ್ನು ನೀವೇ ಕೊಟ್ಟು ಸಾಲು ತುಂಬಿದರೆ ಪೋಸ್ಟ್‌ಗ್ರೆಸ್‌ನ ಎಣಿಕೆ ಮುಂದೆ ಸರಿಯುವುದಿಲ್ಲ. ಆಮೇಲೆ ಬಳಕೆದಾರ ಸೇರಿಸುವ ಹೊಸ ಸಾಲು ಹಳೆಯ ಸಂಖ್ಯೆಗೆ ಡಿಕ್ಕಿ ಹೊಡೆಯುತ್ತದೆ. ಕಚ್ಚಾ ಎಸ್‌ಕ್ಯುಎಲ್‌ನಲ್ಲಿ ತುಂಬುವವರು ಎಣಿಕೆಯನ್ನೂ ಸರಿಸಿ, ಕಡತದ ಸಾಲುಗಳನ್ನೂ ಕೋಷ್ಟಕದ ಸಾಲುಗಳನ್ನೂ ತಾಳೆ ನೋಡಿ.

ಚರ್ಚೆಯಲ್ಲಿ ಒಬ್ಬರು ಕೇಳಿದರು: ಪಟ್ಟಿ ಯಾಕೆ, ಹುಟ್ಟೂರನ್ನು ಅವರೇ ಬರೆಯಲಿ ಬಿಡಿ ಅಂತ. ಬರೆಯಲಿ, ಅವರು ಹೇಳಿದ ಮಾತಿಗೆ ಈಗ ನಮ್ಮಲ್ಲಿ ಬೇರೆಯೇ ಕಾಲಂ ಇದೆ, ಅದನ್ನು ಯಾವ ಮೈಗ್ರೇಷನ್ನೂ ಮುಟ್ಟುವುದಿಲ್ಲ. ಆದರೆ ಹುಡುಕುವವರಿಗೆ ಪಟ್ಟಿ ಬೇಕು. ನಾವು ತುಂಬಿದ್ದು ಒಂದು ಕಡೆ, ಜನ ಕೊಟ್ಟದ್ದು ಇನ್ನೊಂದು ಕಡೆ ಇರಬೇಕು. ಮೊದಲ ದಿನವೇ ಈ ಗೆರೆ ಎಳೆದಿದ್ದರೆ ಅಜ್ಜಿಗೆ ಎರಡನೇ ಸಲ ಮುಖ ತೋರಿಸಲು ನನಗೆ ಅಷ್ಟು ಸಂಕೋಚ ಆಗುತ್ತಿರಲಿಲ್ಲ.