ಕುಸುಬಿ ಎಣ್ಣೆ ಒಳ್ಳೇದೇ, ಆದ್ರೆ ಅಳತಿ ಇರಲಿ

ಅಕ್ಕಲಕೋಟ: ಮನೆಯ ಹಿರಿಯರಿಗೆ ಎದೆನೋವು ಬಂದು ಡಾಕ್ಟರು ‘ಎಣ್ಣೆ ಕಡಿಮೆ ಮಾಡ್ರಿ’ ಅಂದರೆ ಸಾಕು, ಅಡುಗೆಮನೆಯಲ್ಲಿ ವಾದ ಶುರು. ‘ಶೇಂಗಾ ಎಣ್ಣಿ ಬಿಟ್ಟು ಪಾಕೀಟ್ ಎಣ್ಣಿ ತರೂಣೇನ್ರಿ?’ ಅಂತ ಸೊಸೆ. ‘ನಾವು ಗಾಣದ ಕುಸುಬಿ ಎಣ್ಣಿ ತಿಂದೇ ಗಟ್ಟಿ ಅದೀವಿ’ ಅಂತ ಅತ್ತೆ. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಕನ್ನಡ ಮನೆಗಳಿಗೆ ಈ ಮಾತು ಹೊಸದೇನಲ್ಲ.

ಅತ್ತೆಯ ಮಾತು ಅರ್ಧ ಖರೆ. ಹಿಂಗಾರಿ ಜೋಳದ ಹೊಲದ ಸುತ್ತ, ದನ ನುಗ್ಗದಂತೆ ಬಿತ್ತುತ್ತಿದ್ದ ಮುಳ್ಳಿನ ಬೆಳೆ ಕುಸುಬಿ. ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬು ಈ ಎಣ್ಣೆಯಲ್ಲಿ ಶೇ. 10ಕ್ಕಿಂತ ಕಡಿಮೆ. ಶೇಂಗಾ ಎಣ್ಣೆಯಲ್ಲಿ ಶೇ. 20ರ ಆಸುಪಾಸು, ಪಾಮ್ ಎಣ್ಣೆಯಲ್ಲಿ ಹತ್ತಿರ ಹತ್ತಿರ ಅರ್ಧ.

ಉಳಿದರ್ಧ ಏನೆಂದರೆ, ಎಣ್ಣೆ ಯಾವುದಾದರೂ 1 ಗ್ರಾಂಗೆ 9 ಕ್ಯಾಲೊರಿ. ಹೊಲದಲ್ಲಿ ದಿನವಿಡೀ ದುಡಿದವರಿಗೆ ಅದು ಕರಗುತ್ತಿತ್ತು. ಕೂತು ಕೆಲಸ ಮಾಡುವವರಿಗೆ ಹೊಟ್ಟೆಯ ಸುತ್ತ ಸೇರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ದಿನದ ಊಟಕ್ಕೆ ಹೇಳಿರುವ ಎಣ್ಣೆ, ತುಪ್ಪ ಎಲ್ಲಾ ಸೇರಿ 27 ಗ್ರಾಂ. ಅಂದರೆ ಸುಮಾರು ಎರಡು ದೊಡ್ಡ ಚಮಚ. ನಾಲ್ಕು ಜನರ ಮನೆಗೆ ತಿಂಗಳಿಗೆ ಮೂರೂವರೆ ಲೀಟರ್. ತಿಂಗಳ ಮೊದಲಿಗೆ ಅಷ್ಟೇ ಎಣ್ಣೆ ಬೇರೆ ಡಬ್ಬಿಗೆ ಸುರಿದಿಟ್ಟರೆ ಲೆಕ್ಕ ತಪ್ಪುವುದಿಲ್ಲ.

ಕರಿಯಲು ಕುಸುಬಿ ಎಣ್ಣೆ ಬೇಡ, ಹೆಚ್ಚು ಕಾವಿಗೆ ಬೇಗ ಕೆಡುತ್ತದೆ. ಒಗ್ಗರಣೆಗೆ, ರೊಟ್ಟಿ ಜೊತೆ ಹಿಂಡಿಗೆ ಹಾಕಿಕೊಳ್ಳಲು ಅದು ಸಾಕು. ಅಪರೂಪಕ್ಕೆ ಮಿರ್ಚಿ ಭಜಿ ಮಾಡಿದರೆ ಶೇಂಗಾ ಎಣ್ಣೆ ಇರಲಿ. ಕರಿದು ಉಳಿದದ್ದನ್ನು ಮತ್ತೆ ಮತ್ತೆ ಕಾಯಿಸಬಾರದು. ಹೀಗೆ ಕೆಟ್ಟ ಎಣ್ಣೆ ಬಳಸದಂತೆ ಹೋಟೆಲುಗಳಿಗೂ 2018ರ ಜುಲೈನಿಂದ ನಿಯಮವಿದೆ. ವನಸ್ಪತಿ ಮೊದಲಾದ ಎಣ್ಣೆ, ಕೊಬ್ಬಿನಲ್ಲಿ ಟ್ರಾನ್ಸ್ ಫ್ಯಾಟ್ ಶೇ. 2 ಮೀರಬಾರದೆಂಬ ಮಿತಿ 2022ರಿಂದ ಜಾರಿಯಲ್ಲಿದೆ.

ಪಾಕೀಟಿನ ಮೇಲೆ ‘ಕೊಲೆಸ್ಟ್ರಾಲ್ ಇಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೆ ಮರುಳಾಗಬೇಡಿ. ಕಾಳಿನ ಎಣ್ಣೆ ಯಾವುದರಲ್ಲೂ ಅದು ಇರುವುದಿಲ್ಲ. ಸಣ್ಣಕ್ಷರದಲ್ಲಿ ‘ಪಾಮೋಲಿನ್’ ಇದೆಯೇ ಎಂದು ಮಕ್ಕಳಿಂದಲಾದರೂ ಓದಿಸಿ.

ಕುಸುಬಿಯಲ್ಲಿ ಇಲ್ಲದ ಒಮೆಗಾ-3 ಅಗಸಿಯಲ್ಲಿದೆ. ಹೀಗಾಗಿ ತಾಟಿನ ಮೂಲೆಯ ಒಂದು ಚಮಚ ಅಗಸಿ ಹಿಂಡಿ ಬಿಡಬೇಡಿ. ಶೇಂಗಾ ಹಿಂಡಿ ಮಾತ್ರ ಹಿಡಿತದಲ್ಲಿರಲಿ, ಶೇಂಗಾ ಕಾಳಿನಲ್ಲಿ ಹತ್ತಿರ ಹತ್ತಿರ ಅರ್ಧ ಎಣ್ಣೆಯೇ ಇದೆ. ಅದರ ಮೇಲೆ ಮತ್ತೆ ಎಣ್ಣೆ ಸುರಿಯುವುದು ಯಾಕೆ?